ಕನ್ನಡ ಗದ್ಯದಲ್ಲಿ ಬೆಟ್ಟದ ನಡಿಗೆಯೂ ಸಂಗಡಿಗನೂ

೧

ಬೆಟ್ಟವನ್ನು ಹತ್ತುವವರು ಮೂರು ಬಗೆಯವರು. ಹೊಟ್ಟೆಯ ಪಾಡಿಗಾಗಿ ಹತ್ತುವವರು ಮೊದಲನೆಯವರು. ದನಗಾಹಿಗಳು, ಸೌದೆ ಜೇನು ತರುವವರು, ಬೇಟೆಗಾರರು ಈ ಗುಂಪಿಗೆ ಸೇರುವರು. ಹರಕೆ ಹೊತ್ತು ಹತ್ತುವ ಯಾತ್ರಿಕರು ಎರಡನೆಯವರು. ಈ ಎರಡು ಕಾರಣಗಳೂ ಇಲ್ಲದೆ, ಹತ್ತಬೇಕೆಂಬ ಬಯಕೆಯೊಂದರಿಂದಲೇ ಹತ್ತುವ ಹವ್ಯಾಸಿಗಳು ಮೂರನೆಯವರು. ಮೊದಲ ಎರಡು ಬಗೆಯವರು ಕನ್ನಡನಾಡಿನಲ್ಲಿ ಎಂದಿನಿಂದಲೂ ಇದ್ದಾರೆ. ಮೂರನೆಯವನು ಸಾಹಿತ್ಯದಲ್ಲಿ ನೆಲೆಯಾಗಿ ಕಾಣಿಸಿಕೊಂಡದ್ದು ಹೊಸಗನ್ನಡ ಗದ್ಯವು ಬೆಳೆದ ಮೇಲೆ. ಆದರೆ ಅವನು ಒಬ್ಬನೇ ಬರಲಿಲ್ಲ. ಜೊತೆಗೊಬ್ಬನನ್ನು ಕರೆದುಕೊಂಡು ಬಂದನು. ಈ ಜೊತೆಗಾರನು ಯಾರು, ಬರಹದಲ್ಲಿ ಅವನು ಮಾಡುವ ಕೆಲಸವೇನು ಎಂಬುದನ್ನು ವಿಚಾರಮಾಡುವುದು ಪ್ರಸ್ತುತ ಲೇಖನದ ಉದ್ದೇಶ.

ಮೇಲುನೋಟಕ್ಕೆ ಇದು ಅಲ್ಪವಿಷಯವೆಂದು ತೋರಬಹುದು. ಪ್ರಕೃತಿವರ್ಣನೆಯ ವಿಮರ್ಶೆಯಲ್ಲಿ ಕವಿಯ ಕಣ್ಣು, ಅವನ ಭಾಷೆ, ಅವನ ದರ್ಶನ ಇವುಗಳನ್ನು ಕುರಿತು ಬೇಕಾದಷ್ಟು ಚರ್ಚೆ ನಡೆದಿದೆ. ಅವನ ಪಕ್ಕದಲ್ಲಿ ನಡೆದವನನ್ನು ಕುರಿತು ನಡೆದದ್ದು ಕಡಮೆ. ಆದರೂ ಬೆಟ್ಟವನ್ನು ವಿಷಯವಾಗುಳ್ಳ ಕನ್ನಡದ ಒಳ್ಳೆಯ ಗದ್ಯಕೃತಿಗಳನ್ನು ಕಾಲಕ್ರಮದಲ್ಲಿಟ್ಟು ಓದಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಸಂಗಡಿಗನಿಗೆ ಸ್ವಂತ ದನಿ ಬಂದಷ್ಟೂ ಆ ಗದ್ಯದಲ್ಲಿ ಬೆಟ್ಟವು ನಿಜವಾಗುತ್ತ ಬಂದಿದೆ. ಅದನ್ನೇ ತಿರುಗಿಸಿ ಹೇಳುವುದಾದರೆ, ತಕ್ಕ ಸಂಗಡಿಗನು ದೊರೆಯದ ಬೆಟ್ಟಗಳು ಸಾಹಿತ್ಯದ ಹೊರಗೇ ಉಳಿದಿವೆ. ತುಮಕೂರು ಜಿಲ್ಲೆಯ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳ ಕಲ್ಲುಬೆಟ್ಟಗಳೂ, ಅವುಗಳ ನಡುವೆ ಹರಡಿರುವ ಗೌಡಗೆರೆಯಂಥ ಊರುಗಳ ಬಯಲೂ ಇದಕ್ಕೆ ನಿದರ್ಶನ. ಮಲೆನಾಡಿನ ಬೆಟ್ಟಕ್ಕೆ ದೊರೆತ ಗದ್ಯವು ಈ ಬೆಟ್ಟಗಳಿಗೆ ಏಕೆ ದೊರೆಯಲಿಲ್ಲ ಎಂಬ ಪ್ರಶ್ನೆಗೆ ಮಳೆ ಹಸುರುಗಳ ಕೊರತೆ ಒಂದೇ ಉತ್ತರವಲ್ಲ.

೨

ಪ್ರಾಚೀನ ಕಾವ್ಯದಲ್ಲಿ ಬೆಟ್ಟಕ್ಕೆ ಸ್ಥಾನವಿಲ್ಲದಿಲ್ಲ. ಮಹಾಕಾವ್ಯಕ್ಕೆ ಶೈಲವೂ ಋತುವೂ ಬೇಕೆಂದು ದಂಡಿಯು ಲಕ್ಷಣ ಹೇಳಿದನು. ಅಷ್ಟಾದಶ ವರ್ಣನೆಗಳೆಂದು ಮುಂದೆ ಪ್ರಸಿದ್ಧವಾದ ಪಟ್ಟಿಯಲ್ಲಿ ಪರ್ವತವರ್ಣನೆಯೂ ಒಂದು, ಋತುವರ್ಣನೆಯೂ ಒಂದು. ಆದರೆ ಅವು ಎರಡು ಬೇರೆ ಬೇರೆ ಅಂಗಗಳು. ಪರ್ವತವು ತನ್ನ ಎತ್ತರ, ರತ್ನ, ಗಂಧರ್ವರು, ನಿರ್ಝರಗಳೊಡನೆ ಒಂದೆಡೆ ನಿಲ್ಲುತ್ತದೆ. ಹೇಮಂತವು ತನ್ನ ಹಿಮ, ವಿರಹ, ಕುಂಕುಮಲೇಪಗಳೊಡನೆ ಮತ್ತೊಂದೆಡೆ ನಿಲ್ಲುತ್ತದೆ. ಮಾಗಿಯ ಒಂದು ಮುಂಜಾನೆ ಒಂದು ಗೊತ್ತಾದ ಬೆಟ್ಟವನ್ನು ಒಬ್ಬ ಮನುಷ್ಯನು ಕಾಲಿನಿಂದ ತುಳಿದು ಏರುವಲ್ಲಿ ಇವೆರಡೂ ಕೂಡಬಹುದಾಗಿತ್ತು. ಆ ಕೂಟಕ್ಕೆ ಲಕ್ಷಣಗ್ರಂಥದಲ್ಲಿ ಹೆಸರಿರಲಿಲ್ಲ.

ಪಂಪನ ‘ವಿಕ್ರಮಾರ್ಜುನ ವಿಜಯ’ದಲ್ಲಿ ಅರ್ಜುನನು ಇಂದ್ರಕೀಲಕ್ಕೆ ಹೋಗುವುದು ತಪಸ್ಸಿಗಾಗಿ. ಹರಿಹರನ ‘ಮಹಾದೇವಿಯಕ್ಕನ ರಗಳೆ’ಯಲ್ಲಿ ಅಕ್ಕನು ಶ್ರೀಶೈಲದ ಕಡೆಗೆ ನಡೆಯುವುದು ಮಲ್ಲಿಕಾರ್ಜುನನಿಗಾಗಿ. ಎರಡು ಕಡೆಯೂ ನಡೆಯುವವರು ಒಂಟಿಯಾಗಿಯೇ ನಡೆಯಬೇಕು. ಏಕೆಂದರೆ ತಪಸ್ಸೂ ವೈರಾಗ್ಯವೂ ಜೊತೆಗಾರನನ್ನು ಸಹಿಸುವುದಿಲ್ಲ. ಬಿಟ್ಟು ಬಂದದ್ದರಲ್ಲಿಯೇ ಆ ನಡಿಗೆಯ ಅರ್ಥವಿದೆ. ಅಲ್ಲಿ ಬೆಟ್ಟವು ಗುರಿ. ದಾರಿಯ ಕಲ್ಲು, ಏದುಸಿರು, ನಡುದಾರಿಯ ಮಾತು, ಬುತ್ತಿಯ ಗಂಟು ಇವುಗಳಿಗೆ ಅಲ್ಲಿ ಎಡೆಯಿಲ್ಲ. ಇದು ಆ ಕವಿಗಳ ದೋಷವೆಂದು ಎಣಿಸಲಾಗದು. ಅವರು ಹೇಳಹೊರಟದ್ದು ಬೇರೆ. ಆದರೆ ಹವ್ಯಾಸಿಯ ನಡಿಗೆಗೆ ಕನ್ನಡದಲ್ಲಿ ಸಿದ್ಧವಾದ ಮಾದರಿ ಇರಲಿಲ್ಲವೆಂಬುದು ಇದರಿಂದ ತಿಳಿಯುತ್ತದೆ.

೩

ಬೆಟ್ಟ ಹತ್ತುವ ಬರಹದಲ್ಲಿ ಸಂಗಡಿಗನ ಪ್ರಶ್ನೆ ಎಷ್ಟು ಹಳೆಯದೆಂಬುದಕ್ಕೆ ಇಟಲಿಯ ಕವಿ ಪೆಟ್ರಾರ್ಕನ ಒಂದು ಪತ್ರ ಸಾಕ್ಷಿ. ೧೩೩೬ರ ಏಪ್ರಿಲ್ ೨೬ರಂದು ತಾನು ವೆಂತೂ ಪರ್ವತವನ್ನು ಏರಿದ ಕಥೆಯನ್ನು ಅವನು ಅದರಲ್ಲಿ ಹೇಳಿಕೊಂಡಿದ್ದಾನೆ. ಅಂದು ಸಂಜೆಯೇ ಆ ಪತ್ರವನ್ನು ಬರೆದನೆಂಬ ಅವನ ಮಾತನ್ನು ವಿದ್ವಾಂಸರು ಪೂರ್ತಿಯಾಗಿ ನಂಬುವುದಿಲ್ಲ. ಬಹಳ ವರ್ಷಗಳ ತರುವಾಯ ತಿದ್ದಿ ರೂಪಿಸಿದ ಕೃತಿಯೆಂಬುದು ಹಲವರ ಅಭಿಪ್ರಾಯ. ಅದು ಹೇಗೇ ಇರಲಿ, ಬೆಟ್ಟದ ವರ್ಣನೆಗೆ ಮೊದಲು ಯಾರನ್ನು ಕರೆದೊಯ್ಯಬೇಕೆಂಬ ಚಿಂತೆಯೇ ಅಲ್ಲಿ ಬರುತ್ತದೆ. ಗೆಳೆಯರನ್ನು ಒಬ್ಬೊಬ್ಬರನ್ನಾಗಿ ಮನಸ್ಸಿನಲ್ಲಿ ತೂಗಿ, ಒಬ್ಬನು ನಿಧಾನಿ, ಮತ್ತೊಬ್ಬನು ಆತುರಗಾರ, ಒಬ್ಬನು ಸಪ್ಪೆ, ಇನ್ನೊಬ್ಬನು ಅತಿ ಉಲ್ಲಾಸಿ ಎಂದು ಬಿಟ್ಟು, ಕೊನೆಗೆ ತನ್ನ ತಮ್ಮನನ್ನೇ ಆರಿಸಿಕೊಳ್ಳುತ್ತಾನೆ.

ಆ ಪತ್ರದಲ್ಲಿ ಸಂಗಡಿಗರು ಮೂವರು. ತಮ್ಮನು ನೇರವಾದ ಏರುದಾರಿ ಹಿಡಿದು ಮುಂದೆ ಹೋಗುತ್ತಾನೆ. ಸುಲಭವಾದ ದಾರಿ ಹುಡುಕುವ ಅಣ್ಣನು ಕಣಿವೆಗಳಲ್ಲಿ ಅಲೆದು ಹಿಂದೆ ಬೀಳುತ್ತಾನೆ. ಎರಡನೆಯವನು ಬೆಟ್ಟದ ಮಡಿಲಲ್ಲಿ ಎದುರಾಗುವ ಒಬ್ಬ ಮುದಿ ಕುರುಬ. ಐವತ್ತು ವರ್ಷಗಳ ಹಿಂದೆ ತಾನು ಆ ನೆತ್ತಿಯನ್ನು ಏರಿ ಮುಳ್ಳು ಕಲ್ಲುಗಳಿಂದ ಮೈ ಹರಿದುಕೊಂಡದ್ದನ್ನು ಹೇಳಿ ಬೇಡವೆನ್ನುತ್ತಾನೆ. ಅವನ ಮಾತನ್ನು ಯಾರೂ ಕೇಳುವುದಿಲ್ಲ. ಮೂರನೆಯದು ಒಂದು ಪುಸ್ತಕ. ತುದಿಯಲ್ಲಿ ಪೆಟ್ರಾರ್ಕನು ಸಂತ ಅಗಸ್ಟೀನನ ಆತ್ಮಕಥೆಯನ್ನು ತೆರೆಯುತ್ತಾನೆ. ಅಲ್ಲಿಂದಾಚೆಗೆ ಬೆಟ್ಟ ಮರೆಯಾಗಿ ಆತ್ಮಚಿಂತನೆ ಮುಂದಾಗುತ್ತದೆ. ಸರಿಸಮನಾದ ಜೊತೆಗಾರ, ನೆಲವನ್ನು ಬಲ್ಲ ಸ್ಥಳಿಕ, ಪುಸ್ತಕ ಈ ಮೂರು ಬಗೆಯ ಒಡನಾಟವೂ ಮುಂದಿನ ಬೆಟ್ಟದ ಗದ್ಯದಲ್ಲೆಲ್ಲ ಮರಳಿ ಮರಳಿ ಬರುವುವು. ಯಾವುದಕ್ಕೆ ಎಷ್ಟು ಕಿವಿಗೊಟ್ಟರೆಂಬುದರ ಮೇಲೆ ಬರಹದ ಬೆಲೆ ನಿಲ್ಲುತ್ತದೆ.

ಒಂಟಿನಡಿಗೆಯ ಪಕ್ಷವೂ ಬಲವಾದುದೇ. ಇಂಗ್ಲಿಷ್ ಪ್ರಬಂಧಕಾರ ಹ್ಯಾಜ್ಲಿಟ್ ೧೮೨೨ರಲ್ಲಿ ಪ್ರಕಟಿಸಿದ ಪಯಣದ ಪ್ರಬಂಧದಲ್ಲಿ, ಬಯಲಿಗೆ ಹೊರಟಮೇಲೆ ಪ್ರಕೃತಿಯೊಂದೇ ಸಂಗಾತಿಯಾಗಿ ಸಾಕೆಂದು ವಾದಿಸಿದನು. ಮಾತಿನ ಹಂಗಿದ್ದರೆ ಮನಸ್ಸು ಸ್ವೇಚ್ಛೆಯಿಂದ ಅಲೆಯಲಾರದೆಂಬುದು ಅವನ ತರ್ಕ. ಆದರೆ ಮರುವರ್ಷ ಅವನೇ ಬರೆದ ಮತ್ತೊಂದು ಪ್ರಬಂಧವು ಈ ವಾದಕ್ಕೆ ಉತ್ತರದಂತಿದೆ. ೧೭೯೮ರ ಜನವರಿಯ ಚಳಿಯಲ್ಲಿ, ಹತ್ತೊಂಬತ್ತರ ಹರೆಯದ ಹ್ಯಾಜ್ಲಿಟ್ ಕೆಸರುದಾರಿಯಲ್ಲಿ ಹತ್ತು ಮೈಲಿ ನಡೆದು ಕೋಲ್‌ರಿಜ್ ಕವಿಯ ಉಪದೇಶವನ್ನು ಕೇಳಿದನು. ಕೆಲವು ದಿನಗಳಲ್ಲಿ ಆ ಕವಿಯೊಡನೆಯೇ ಆರು ಮೈಲಿ ಹೆಜ್ಜೆಹಾಕಿದನು. ಕೋಲ್‌ರಿಜ್ ಮಾತನಾಡುತ್ತ ಕಾಲುದಾರಿಯ ಒಂದು ಅಂಚಿನಿಂದ ಮತ್ತೊಂದಕ್ಕೆ ಹಾಯುತ್ತಿದ್ದುದನ್ನು ಅವನು ಇಪ್ಪತ್ತೈದು ವರ್ಷಗಳ ಮೇಲೂ ಮರೆತಿರಲಿಲ್ಲ. ಒಂಟಿನಡಿಗೆಯನ್ನು ಹೊಗಳಿದವನ ಅತ್ಯುತ್ತಮವಾದ ನಡಿಗೆಯ ಪುಟಗಳು ಜೊತೆಯ ನಡಿಗೆಯವು. ಒಂಟಿತನವು ಭಾವಗೀತೆಗೆ ಒದಗುವಷ್ಟು ಗದ್ಯಕ್ಕೆ ಒದಗದೆಂಬುದನ್ನು ಇದರಿಂದ ಊಹಿಸಬಹುದು. ಗದ್ಯವು ಇನ್ನೊಬ್ಬರ ನಡಿಗೆಯ ವೇಗವನ್ನೂ ಇನ್ನೊಬ್ಬರ ಅಸಮ್ಮತಿಯನ್ನೂ ಬೇಡುತ್ತದೆ.

೪

ಕನ್ನಡದಲ್ಲಿ ಈ ಗದ್ಯದ ಬಾಗಿಲನ್ನು ತೆರೆದ ಕೃತಿ ಕುವೆಂಪು ಅವರ ‘ಮಲೆನಾಡಿನ ಚಿತ್ರಗಳು’. ೧೯೩೩ರಲ್ಲಿ ಅದು ಪ್ರಕಟವಾದಾಗ ಲೇಖಕರಿಗೆ ಮೂವತ್ತು ತುಂಬಿರಲಿಲ್ಲ. ‘ಬೇಟೆಗಾರರೊಡನೆ ಒಂದೆರಡು ಗಳಿಗೆ’, ‘ಕಾಡಿನಲ್ಲಿ ಕಳೆದ ಒಂದಿರುಳು’ ಎಂಬ ಶಿರೋನಾಮಗಳೇ ಅದರ ಸ್ವಭಾವವನ್ನು ಸೂಚಿಸುವುವು. ಮೊದಲನೆಯ ಹೆಸರಿನಲ್ಲಿರುವ ‘ಒಡನೆ’ ಎಂಬ ಮಾತಿಗೆ ಅಲ್ಲಿ ತುಂಬ ತೂಕವಿದೆ. ಗೀತೆಗಳಲ್ಲಿ ಒಬ್ಬಂಟಿಯಾಗಿ ಶಿಖರದ ಮೇಲೆ ಕುಳಿತು ಧ್ಯಾನಿಸುವ ಕವಿಯು ಗದ್ಯಕ್ಕೆ ಬಂದಾಗ ಬೇಟೆಗಾರರನ್ನೂ ನೆಂಟರನ್ನೂ ಆಳುಗಳನ್ನೂ ಓರಗೆಯ ಹುಡುಗರನ್ನೂ ಜೊತೆಗೆ ಕರೆದುಕೊಂಡಿದ್ದಾರೆ. ಅವರು ಹರಟುತ್ತಾರೆ, ಹೆದರುತ್ತಾರೆ, ಹೆದರಿಸುತ್ತಾರೆ, ನಗುತ್ತಾರೆ. ಮಲೆನಾಡು ಅವರ ಮಾತಿನೊಳಗಿನಿಂದ ಕಾಣುತ್ತದೆ.

ಆದರೂ ಇಲ್ಲಿ ಒಂದು ಮಿತಿಯುಂಟು. ಕಾಡಿನಲ್ಲಿ ಜೊತೆಗಿರುವವರಿಗೂ ಲೇಖಕರಿಗೂ ನೆಲ ಒಂದೇ. ಒಬ್ಬರಿಗೆ ಗೊತ್ತಿರುವುದು ಇನ್ನೊಬ್ಬರಿಗೂ ಗೊತ್ತು. ಆದುದರಿಂದ ವಿವರಿಸಬೇಕಾದ ಅಗತ್ಯ ಅವರ ನಡುವೆ ಹುಟ್ಟುವುದಿಲ್ಲ. ವಿವರಣೆಯೆಲ್ಲವೂ ಮಲೆನಾಡನ್ನು ಕಾಣದ, ಮೈಸೂರು ಬೆಂಗಳೂರುಗಳ ವಾಚಕರ ಕಡೆಗೆ ತಿರುಗಿದೆ. ಹೀಗೆ ಈ ಚಿತ್ರಗಳಲ್ಲಿ ನಿಜವಾದ ಸಂಗಡಿಗನೆಂದರೆ ವಾಚಕನೇ. ಕೈಹಿಡಿದು ಕರೆದೊಯ್ಯಲ್ಪಟ್ಟವನು ಅವನು. ಬೇಟೆಗಾರರು ಕಥೆಗೆ ಜೀವ ಕೊಡುವರಾದರೂ, ಸೌಂದರ್ಯವನ್ನು ಕಾಣುವ ಹಕ್ಕು ಬಹುಮಟ್ಟಿಗೆ ಲೇಖಕರಲ್ಲಿಯೇ ಉಳಿದಿದೆ. ಸೂರ್ಯೋದಯವನ್ನು ಬೇಟೆಗಾರನು ಹೇಗೆ ಕಂಡನೆಂಬುದು ತಿಳಿಯದು.

ಈ ಮಿತಿಯನ್ನು ಮೀರಿದವರೂ ಕುವೆಂಪು ಅವರೇ. ೧೯೬೭ರ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯಲ್ಲಿ ಮಲೆಯ ದಾರಿಗಳನ್ನು ತುಳಿಯುವವನು ಹವ್ಯಾಸಿಯಲ್ಲ, ನಾಯಿಗುತ್ತಿ. ಅವನ ಸಂಗಡಿಗನು ಹುಲಿಯನೆಂಬ ನಾಯಿ. ಅಲ್ಲಿ ನಡಿಗೆಗೆ ಹೊರೆಯುಂಟು, ಆಜ್ಞೆಯುಂಟು, ಭಯವುಂಟು, ಪ್ರೇಮವುಂಟು. ನೋಟಕ್ಕಾಗಿ ನಿಲ್ಲುವ ಬಿಡುವು ಮಾತ್ರ ಇಲ್ಲ. ಆದರೂ ಆ ಕಾದಂಬರಿಯಲ್ಲಿ ಮಲೆಯು ೧೯೩೩ರ ಚಿತ್ರಗಳಲ್ಲಿ ಕಂಡುದಕ್ಕಿಂತ ಹತ್ತಿರದಿಂದ ಕಾಣುತ್ತದೆ. ಹವ್ಯಾಸಿಯು ಹಿಂದೆ ಸರಿದು, ದುಡಿಯುವವನ ಕಾಲಿಗೆ ದಾರಿಯನ್ನು ಬಿಟ್ಟುಕೊಟ್ಟದ್ದರ ಫಲವಿದು.

೫

ಎರಡರ ನಡುವೆ ನಿಂತು, ಹವ್ಯಾಸಿಯನ್ನು ಉಳಿಸಿಕೊಂಡೇ ಸಂಗಡಿಗನಿಗೆ ಪೂರ್ಣವಾದ ವ್ಯಕ್ತಿತ್ವವನ್ನು ಕೊಟ್ಟ ಕೃತಿ ಶಿವರಾಮ ಕಾರಂತರ ‘ಬೆಟ್ಟದ ಜೀವ’. ಇದು ೧೯೪೩ರಲ್ಲಿ ಹೊರಬಂದಿತು. ದಾರಿ ತಪ್ಪಿದ ಪಯಣಿಗನೊಬ್ಬನಿಗೆ ಕತ್ತಲಲ್ಲಿ ದೇರಣ್ಣ, ಬಟ್ಯ ಎಂಬಿಬ್ಬರು ಸಿಕ್ಕಿ ಅವನನ್ನು ಕೆಳಬೈಲಿನ ಗೋಪಾಲಯ್ಯನವರ ಮನೆಗೆ ಮುಟ್ಟಿಸುವರು. ಅಲ್ಲಿಂದ ಮುಂದೆ ಕಥೆಯಲ್ಲಿ ದೊಡ್ಡ ಘಟನೆಗಳು ಬಹಳವಿಲ್ಲ. ಅತಿಥಿಯು ಆ ಮುದುಕರೊಡನೆ ಗುಡ್ಡ, ತೋಟ, ಕಾಡುಗಳಲ್ಲಿ ತಿರುಗಾಡುತ್ತಾನೆ, ಕುಮಾರಪರ್ವತದ ಸಾಲನ್ನು ನೋಡುತ್ತಾನೆ, ಕಾಟುಮೂಲೆಯ ತೋಟಕ್ಕೆ ಹೋಗಿಬರುತ್ತಾನೆ, ಮಾತು ಕೇಳುತ್ತಾನೆ. ಕಾದಂಬರಿಯ ಬಹುಭಾಗ ಜೊತೆಯ ನಡಿಗೆಯೇ ಆಗಿದೆಯೆಂದರೆ ತಪ್ಪಲ್ಲ.

ಇಲ್ಲಿ ಸಂಗಡಿಗನ ಸ್ಥಾನ ತಲೆಕೆಳಗಾಗಿರುವುದನ್ನು ಗಮನಿಸಬೇಕು. ಗೋಪಾಲಯ್ಯನವರು ಅತಿಥಿಗೆ ಜೊತೆಯಾಗಿ ಬರುವವರಲ್ಲ, ಅತಿಥಿಯೇ ಅವರ ಹಿಂದೆ ಹೋಗುವವನು. ಹರೆಯದವನು ದಣಿಯುತ್ತಾನೆ, ಮುದುಕರು ದಣಿಯುವುದಿಲ್ಲ. ಅತಿಥಿಯ ಕಣ್ಣಿಗೆ ಚೆಲುವಾದ ಇಳಿಜಾರು, ಕಾಡು ಕಡಿದು ಅಡಕೆ ನೆಟ್ಟವರ ಕಣ್ಣಿಗೆ ಅರ್ಧ ಆಯುಷ್ಯದ ದುಡಿಮೆ. ಆನೆ ಬಂದ ದಾರಿ, ನೀರು ತಿರುಗಿಸಿದ ತೋಡು, ಸೋತು ಬಿಟ್ಟ ನೆಲ ಇವುಗಳ ಮೂಲಕ ಬೆಟ್ಟಕ್ಕೆ ಒಂದು ಆತ್ಮಚರಿತ್ರೆ ಒದಗುತ್ತದೆ. ಪೆಟ್ರಾರ್ಕನ ಪತ್ರದಲ್ಲಿ ಕಿವಿಗೊಡದೆ ಬಿಟ್ಟುಹೋದ ಆ ಮುದಿ ಕುರುಬನು ಇಲ್ಲಿ ಮುಖ್ಯಪಾತ್ರವಾಗಿ ನಿಂತಿದ್ದಾನೆಂದು ಹೇಳಬಹುದು.

ಗೋಪಾಲಯ್ಯನವರ ಮಾತಿನ ಹಿಂದೆ ಮಾತಾಗದ ಒಂದು ನೋವಿದೆ. ಮಗ ಶಂಭು ಮನೆ ಬಿಟ್ಟು ಹೋಗಿದ್ದಾನೆ. ತಾಯಿ ಶಂಕರಮ್ಮನವರು ಆ ಕೊರಗನ್ನು ಮುಚ್ಚಿಡಲಾರರು, ತಂದೆ ಅದನ್ನು ನಗೆಯಿಂದ ಮುಚ್ಚುವರು. ದಾರಿ ನಡೆಯುವಾಗ ಎದುರುಬದುರು ಕುಳಿತು ಮುಖ ನೋಡಬೇಕಾದ ಸಂಕೋಚವಿಲ್ಲ. ಇಬ್ಬರ ಕಣ್ಣೂ ಮುಂದಿನ ಹಾದಿಯ ಮೇಲಿರುವುದರಿಂದ ಮನೆಯಲ್ಲಿ ಬಾಯಿಗೆ ಬಾರದ ಮಾತು ಗುಡ್ಡದಲ್ಲಿ ಬರುತ್ತದೆ, ಅಥವಾ ಬರುವಂತಾಗಿ ನಿಲ್ಲುತ್ತದೆ. ನಡಿಗೆಗೂ ಗದ್ಯಕ್ಕೂ ಇರುವ ಈ ಒಳಸಂಬಂಧವನ್ನು ಕಾರಂತರಷ್ಟು ಚೆನ್ನಾಗಿ ಬಳಸಿಕೊಂಡವರು ಕನ್ನಡದಲ್ಲಿ ವಿರಳ. ‘ಬೆಟ್ಟದ ಜೀವ’ ಎಂಬ ಹೆಸರು ಬೆಟ್ಟಕ್ಕೂ ಸಲ್ಲುತ್ತದೆ, ಮುದುಕರಿಗೂ ಸಲ್ಲುತ್ತದೆ. ಯಾವುದಕ್ಕೆ ಹೆಚ್ಚು ಎಂದು ಬೇರ್ಪಡಿಸಿ ಹೇಳಲಾಗದಂತಿರುವುದೇ ಕೃತಿಯ ಸಿದ್ಧಿ.

೬

ತರುವಾಯದ ಎರಡು ಕೃತಿಗಳನ್ನು ಸಂಕ್ಷೇಪವಾಗಿ ನೋಡಬಹುದು. ಸಸ್ಯಶಾಸ್ತ್ರಜ್ಞ ಬಿ. ಜಿ. ಎಲ್. ಸ್ವಾಮಿಯವರ ‘ಹಸುರು ಹೊನ್ನು’ ೧೯೭೬ರಲ್ಲಿ ಪ್ರಕಟವಾಗಿ, ೧೯೭೮ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಹುಮಾನವನ್ನು ಪಡೆಯಿತು. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನ ಅಧ್ಯಾಪಕರು ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಪಶ್ಚಿಮಘಟ್ಟಗಳಲ್ಲಿ ಗಿಡ ಹುಡುಕುತ್ತ ಅಲೆದ ಕಥೆ ಅದು. ಅಲ್ಲಿ ಸಂಗಡಿಗರೆಂದರೆ ಶಿಷ್ಯರು. ಅವರ ತಪ್ಪು, ತುಂಟತನ, ಹಸಿವು, ಪ್ರಶ್ನೆಗಳಿಂದ ಶಾಸ್ತ್ರವು ಮೈಭಾರ ಕಳೆದುಕೊಂಡು ನಗೆಯಾಗಿದೆ. ಗಿಡದ ಹೆಸರನ್ನು ಕೇಳುವವನಿಲ್ಲದಿದ್ದರೆ ಹೇಳುವ ಸಂದರ್ಭವೇ ಬಾರದಷ್ಟೆ. ಕುವೆಂಪು ಅವರ ಚಿತ್ರಗಳಲ್ಲಿ ಪುಸ್ತಕದ ಹೊರಗಿದ್ದ ಕೇಳುಗನು ಇಲ್ಲಿ ಒಳಕ್ಕೆ ಬಂದು ಕಾಲು ನೋಯಿಸಿಕೊಂಡು ನಡೆಯುತ್ತಿದ್ದಾನೆ.

ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ (೧೯೮೦) ಇದನ್ನೂ ದಾಟಿತು. ಹಾರುವ ಓತಿಯನ್ನು ಹುಡುಕಿ ಕಾಡಿಗೆ ಹೊರಟ ತಂಡದಲ್ಲಿ ವಿಜ್ಞಾನಿಯಿದ್ದಾರೆ, ನಿರೂಪಕನಿದ್ದಾನೆ, ಅಡಿಗೆಯವನಿದ್ದಾನೆ, ನಾಯಿಯಿದೆ. ಆದರೆ ಕಾಣಬಲ್ಲವನು ಮಂದಣ್ಣ. ಊರವರ ಲೆಕ್ಕದಲ್ಲಿ ಕೆಲಸಕ್ಕೆ ಬಾರದ ಈ ಜೇನು ಹುಡುಕುವ ಯುವಕನಲ್ಲಿ ಹುಟ್ಟು ನಿಸರ್ಗಜ್ಞನನ್ನು ಕರ್ವಾಲೊ ಗುರುತಿಸುತ್ತಾರೆ. ಕೊನೆಗೆ ಓತಿಯು ಕೈಗೆ ಸಿಗದೆ ಕಣಿವೆಯಲ್ಲಿ ತೇಲಿ ಮರೆಯಾಗುತ್ತದೆ. ಓದಿದವನು ಓದದವನ ಹಿಂದೆ ನಡೆದು, ಇಬ್ಬರೂ ಒಂದೇ ಬೆರಗಿಗೆ ಒಳಗಾಗುವ ಆ ಘಳಿಗೆಯಲ್ಲಿ ಸ್ಥಳಿಕ, ಸರಿಸಮ, ಶಿಷ್ಯ ಎಂಬ ಭೇದಗಳು ಅಳಿಸಿಹೋಗುವುವು. ೧೯೩೩ರಿಂದ ೧೯೮೦ರವರೆಗಿನ ಈ ಸುಮಾರು ಐವತ್ತು ವರ್ಷಗಳಲ್ಲಿ ಸಂಗಡಿಗನು ಕೇಳುಗನಾಗಿ, ಆತಿಥೇಯನಾಗಿ, ಶಿಷ್ಯನಾಗಿ, ಕೊನೆಗೆ ದಾರಿ ತೋರುವವನಾಗಿ ಬೆಳೆದನು.

೭

ಈ ಕೃತಿಗಳೆಲ್ಲವೂ ಪಶ್ಚಿಮಘಟ್ಟಕ್ಕೆ ಸೇರಿದುವು. ಆಗುಂಬೆಯಲ್ಲಿ ವರ್ಷಕ್ಕೆ ಸುಮಾರು ೩೦೦ ಅಂಗುಲ ಮಳೆ ಬೀಳುವುದು. ಶಿರಾ, ಪಾವಗಡಗಳಲ್ಲಿ ೨೦ರಿಂದ ೨೫ ಅಂಗುಲ. ಪ್ರಕೃತಿಸೌಂದರ್ಯವೆಂದರೆ ಹಸುರು ಎಂಬ ಭಾವನೆ ಕನ್ನಡ ವಾಚಕರಲ್ಲಿ ಬೇರೂರಿರುವುದಕ್ಕೆ ಈ ಕೃತಿಗಳ ಹಿರಿಮೆಯೇ ಒಂದು ಕಾರಣ. ಶಾಲೆಯ ಪಾಠಗಳಲ್ಲಿ ಮಲೆನಾಡಿನ ವರ್ಣನೆಯನ್ನು ಓದಿದ ಶಿರಾ ಸೀಮೆಯ ಹುಡುಗನು ತನ್ನೂರಿನ ಬೆಟ್ಟವನ್ನು ಬೋಳುಬೆಟ್ಟವೆಂದು ಕಡೆಗಣಿಸಿದರೆ ತಪ್ಪು ಅವನದಲ್ಲ. ಸಾಹಿತ್ಯದ ಅಧ್ಯಾಪಕರು ಯೋಚಿಸಬೇಕಾದ ವಿಷಯವಿದು.

ಈ ಸೀಮೆಯ ಊರ ಹೆಸರುಗಳನ್ನು ನೋಡಿದರೇ ನೆಲದ ಕಟ್ಟು ತಿಳಿಯುತ್ತದೆ. ಮಧುಗಿರಿಯಲ್ಲಿ ಗಿರಿಯಿದೆ, ಪಾವಗಡದಲ್ಲಿ ಗಡವಿದೆ, ಕೊರಟಗೆರೆ ಗೌಡಗೆರೆಗಳಲ್ಲಿ ಕೆರೆಯಿದೆ. ಬೆಟ್ಟದ ನೀರು ಕೆರೆಗೆ ಇಳಿಯಬೇಕು, ಕೆರೆಯ ನೀರು ಗದ್ದೆಗೆ ಹರಿಯಬೇಕು; ಬದುಕೆಲ್ಲ ಈ ಎರಡರ ನಡುವೆ. ಮಧುಗಿರಿಯ ಏಕಶಿಲೆ ಸಮುದ್ರಮಟ್ಟದಿಂದ ಸುಮಾರು ೩,೯೦೦ ಅಡಿ ಎತ್ತರದ್ದು. ಕೋಟೆಬಾಗಿಲುಗಳನ್ನು ದಾಟಿ, ಮೆಟ್ಟಿಲು ಮುಗಿದಮೇಲೆ ಬರಿಯ ಬಂಡೆಯ ಇಳಿಜಾರನ್ನು ಹಿಡಿದು ಏರಿದರೆ ನೆತ್ತಿಯಲ್ಲಿ ಪಾಳುಬಿದ್ದ ಗೋಪಾಲಕೃಷ್ಣ ದೇವಾಲಯ. ಕೊರಟಗೆರೆ ಕಡೆಯ ಚನ್ನರಾಯನದುರ್ಗ, ಸಿದ್ಧರ ಬೆಟ್ಟ, ಪಾವಗಡ ತಾಲ್ಲೂಕಿನ ನಿಡುಗಲ್ಲು ಇವೆಲ್ಲ ಇದೇ ಕುಲದ ಕಲ್ಲುಗಳು.

ಇಂಥ ಬೆಟ್ಟಗಳಿಗೆ ನಡಿಗೆಯ ಕಾಲವೆಂದರೆ ಮಾಗಿಯೇ. ಬೇಸಗೆಯಲ್ಲಿ ಬಂಡೆ ಕಾದ ಹೆಂಚಾಗುವುದು. ಮಳೆಯಲ್ಲಿ ಪಾಚಿಗಟ್ಟಿ ಕಾಲು ನಿಲ್ಲಗೊಡದು. ಮಾರ್ಗಶಿರ ಪುಷ್ಯಗಳಲ್ಲಿ ಹಿಂಗಾರು ತೆರಳಿ, ದೊಣೆಗಳಲ್ಲಿ ನೀರು ನಿಂತು, ಹೊಲಗಳಲ್ಲಿ ಅವರೆ ಸೊಗಡು ಬಿಟ್ಟು, ಕಣಗಳಲ್ಲಿ ರಾಗಿಯ ಒಕ್ಕಣೆ ನಡೆಯುವಾಗ ಬೆಟ್ಟ ಹತ್ತುವುದು ಹಿತ. ಮಲೆನಾಡಿನಲ್ಲಿ ಚಳಿಗಾಲದ ಬೆಳಗು ಮಂಜಿನದು. ಮಂಜು ದೂರವನ್ನು ಮುಚ್ಚಿ ಹತ್ತಿರದ್ದನ್ನು ರಹಸ್ಯವಾಗಿಸುತ್ತದೆ. ಇಲ್ಲಿ ಇಬ್ಬನಿ ಹೊತ್ತೇರುವುದರೊಳಗೆ ಆರಿ, ಗಾಳಿ ತಿಳಿಯಾಗಿ, ದೂರವೆಲ್ಲ ತೆರೆದುಕೊಳ್ಳುತ್ತದೆ. ಒಂದು ನೆತ್ತಿಯಲ್ಲಿ ನಿಂತವನಿಗೆ ಬಯಲಿನಲ್ಲಿ ಅಲ್ಲಲ್ಲಿ ಎದ್ದ ಬೆಟ್ಟಗಳು ಒಂದರ ಹಿಂದೊಂದು ಕಾಣುವುವು. ನಡುನಡುವೆ ಕೆರೆಗಳು ಹೊಳೆಯುವುವು. ಅದು ಯಾವ ಬೆಟ್ಟ, ಇದು ಯಾವ ಊರ ಕೆರೆ ಎಂಬ ಪ್ರಶ್ನೆಯೇ ಈ ನೋಟದ ಪ್ರಥಮಭಾವ. ಕಾಡಿನಲ್ಲಿ ಒಂಟಿಯಾಗಿ ಕುಳಿತು ಮೈಮರೆಯಬಹುದು. ಇಲ್ಲಿ ಮೈಮರೆಯಲು ಮರೆಯಿಲ್ಲ. ಹೆಸರು ಹೇಳುವ ಒಬ್ಬನು ಬೇಕು. ಸಂಗಡಿಗನಿಲ್ಲದೆ ಮಲೆನಾಡಿನ ನಡಿಗೆ ಕಾವ್ಯವಾದೀತು. ಕಲ್ಲುಸೀಮೆಯ ನಡಿಗೆಯು ಅವನಿಲ್ಲದೆ ಅರ್ಥವಾಗುವುದೇ ಕಷ್ಟ.

ಈ ಬೆಟ್ಟಗಳಿಗೆ ಬಂದ ಬರಹಗಾರರಿಗೆ ದೊರೆತ ಜೊತೆಯಾದರೋ ಬಹುಮಟ್ಟಿಗೆ ಪುಸ್ತಕ. ಫ್ರಾನ್ಸಿಸ್ ಬುಕಾನನ್ ೧೮೦೦ರಲ್ಲಿ ಶಿರಾ ಮಧುಗಿರಿಗಳನ್ನು ಹಾದುಹೋದಾಗ ಮಣ್ಣು, ಬೆಳೆ, ಕುಲ, ಕಂದಾಯಗಳನ್ನು ಬರೆದುಕೊಂಡನು. ೧೮೦೭ರಲ್ಲಿ ಅಚ್ಚಾದ ಆ ಗ್ರಂಥ ಇಂದಿಗೂ ಅಮೂಲ್ಯ. ರೈಸರ ಶಾಸನಸಂಪುಟಗಳಲ್ಲಿ ತುಮಕೂರು ಜಿಲ್ಲೆಯದು ೧೯೦೪ರಲ್ಲಿ ಬಂದಿತು. ಕಲ್ಲಿನ ಮೇಲಿನ ಅಕ್ಷರವನ್ನು ಅದು ಉಳಿಸಿತು; ಕಲ್ಲನ್ನು ಕುರಿತು ಹೇಳುವುದು ಅದರ ಕೆಲಸವಾಗಿರಲಿಲ್ಲ. ಹಂಪೆಯನ್ನು ಕುರಿತ ವಿ. ಸೀತಾರಾಮಯ್ಯನವರ ‘ಪಂಪಾಯಾತ್ರೆ’ ಕಲ್ಲುಸೀಮೆಗೆ ಸಂದ ಒಳ್ಳೆಯ ಗದ್ಯವೇ ಸರಿ. ಆದರೆ ವಿಜಯನಗರದ ನೆನಪು ಅಲ್ಲಿ ಬೇಡವೆಂದರೂ ಜೊತೆಗೆ ಬರುವುದು. ತಳುಕಿನ ಮನೆತನದ ತ. ರಾ. ಸುಬ್ಬರಾಯರು ಚಿತ್ರದುರ್ಗದ ಬಂಡೆಗಳನ್ನು ‘ದುರ್ಗಾಸ್ತಮಾನ’ದಂಥ ಕಾದಂಬರಿಗಳಲ್ಲಿ ಅಮರಗೊಳಿಸಿದರು, ಅಲ್ಲಿ ಬೆಟ್ಟವೆಂದರೆ ಕೋಟೆ, ಕೋಟೆಯೆಂದರೆ ನಾಯಕರ ಅಳಿವು. ಒಟ್ಟಿನಲ್ಲಿ ಬಯಲುಸೀಮೆಯ ಬೆಟ್ಟವು ಚರಿತ್ರೆಯ ಸಾಕ್ಷಿಯಾಗಿ ಕರೆಸಿಕೊಂಡ ಹಾಗೆ, ತನಗಾಗಿ ಕರೆಸಿಕೊಂಡಿಲ್ಲ. ಪೆಟ್ರಾರ್ಕನು ತುದಿಯಲ್ಲಿ ತೆರೆದ ಪುಸ್ತಕವನ್ನು ಇಲ್ಲಿ ಬುಡದಲ್ಲಿಯೇ ತೆರೆಯಲಾಗಿದೆ.

ಆದರೆ ಈ ನೆಲದಲ್ಲಿ ನಡಿಗೆಯ ಸಾಹಿತ್ಯವೇ ಇಲ್ಲವೆನ್ನುವುದು ಸಲ್ಲದು. ಶಿರಾ ಸೀಮೆಯ ಕಾಡುಗೊಲ್ಲರು ಹಾಡುವ ಜುಂಜಪ್ಪನ ಕಾವ್ಯದಲ್ಲಿ ದನಗಾಹಿಯೇ ನಾಯಕ. ಹುಲ್ಲು ನೀರುಗಳಿಗಾಗಿ ದನಗಳೊಡನೆ ನಡೆಯುವುದು ಅಲ್ಲಿ ವೀರರ ಧರ್ಮ. ಉದ್ದವಾದ ಗಣೆಯ ದನಿಯೊಡನೆ ಆ ಹಾಡು ಇರುಳೆಲ್ಲ ಸಾಗುವುದು. ಅದರಲ್ಲಿ ಬೆಟ್ಟ ಹಳ್ಳಗಳಿಗೆ ಹೆಸರುಗಳುಂಟು, ಅವು ಮೇವಿನ ನೆಲೆಯಾಗಿ ನೀರಿನ ನೆಲೆಯಾಗಿ ಪರಿಚಿತವಾದುವು. ಹವ್ಯಾಸಿಯು ಹುಡುಕಬೇಕಾದ ಸಂಗಡಿಗನು ಇಲ್ಲಿಯೇ ಇದ್ದಾನೆ. ಮಂದಣ್ಣನನ್ನು ಪಡೆಯಲು ಮಲೆನಾಡಿನ ಗದ್ಯಕ್ಕೆ ಐವತ್ತು ವರ್ಷ ಹಿಡಿಯಿತು. ಬಯಲುಸೀಮೆಗೆ ಜನಪದ ಕಾವ್ಯವೇ ಅವನನ್ನು ಮೊದಲಿಗೆ ಕೊಟ್ಟಿದೆ. ಆದರೆ ಜಾನಪದ ವಿದ್ವಾಂಸರು ಹಾಡನ್ನು ಬರೆದುಕೊಳ್ಳುವರು, ಬೆಟ್ಟ ಹತ್ತುವವರು ಹಾಡನ್ನು ಕೇಳರು. ಎರಡು ದಾರಿಗಳು ಇನ್ನೂ ಕೂಡಿಲ್ಲ.

ಕಾಲವು ಕಾಯುವುದಿಲ್ಲವೆಂಬುದೂ ನಿಜ. ಪಾವಗಡ ತಾಲ್ಲೂಕಿನಲ್ಲಿ ಸುಮಾರು ೧೩,೦೦೦ ಎಕರೆ ಬಯಲಿನಲ್ಲಿ ಸೌರವಿದ್ಯುತ್ತಿನ ಫಲಕಗಳು ಹಾಸಿಕೊಂಡಿವೆ. ಬೆಟ್ಟದ ಮೇಲಿಂದ ಕಾಣುವ ನೋಟವೇ ಬೇರೆಯಾಗಿದೆ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಹುಲ್ಲುಗಾವಲಿನಲ್ಲಿ ಕೃಷ್ಣಮೃಗಗಳಿಗೂ, ಶಿರಾ ತಾಲ್ಲೂಕಿನ ಬುಕ್ಕಾಪಟ್ಟಣದ ಕಾಡಿನಲ್ಲಿ ೨೦೧೯ರಿಂದ ಚಿಂಕಾರಗಳಿಗೂ ರಕ್ಷಣೆ ದೊರೆತಿದೆ. ಬೋಳೆಂದು ಕರೆದ ನೆಲದಲ್ಲಿ ರಕ್ಷಿಸತಕ್ಕದ್ದು ಇದೆಯೆಂದು ಸರಕಾರದ ಆಜ್ಞೆಯೇ ಒಪ್ಪಿದಂತಾಯಿತು. ರಜೆಯ ದಿನಗಳಲ್ಲಿ ಬೆಂಗಳೂರಿನಿಂದ ಬಂದು ಮಧುಗಿರಿಯನ್ನು ಏರುವ ತರುಣರೂ ಬಹಳ ಮಂದಿ. ಅವರು ಜೊತೆಜೊತೆಯಾಗಿಯೇ ಬರುವರು. ಆದರೆ ಊರಿನವರು ಯಾರೂ ಆ ಜೊತೆಯಲ್ಲಿಲ್ಲದಿದ್ದರೆ ಹಾಸುಬಂಡೆ, ಗುಂಡು, ದೊಣೆ, ಒರತೆ, ಕೋಡುಗಲ್ಲು ಎಂಬ ಮಾತುಗಳು ಅವರ ಕಿವಿಗೆ ಬೀಳುವುದಿಲ್ಲ. ದನ ಮೇಯಿಸುವವರು ಕಡಮೆಯಾದಂತೆ ಒಂದೊಂದು ಬಂಡೆಗೂ ಇದ್ದ ಹೆಸರು ಆಡುವವರಿಲ್ಲದೆ ಹೋಗುತ್ತದೆ. ಕೋಶಕಾರರು ಪದವನ್ನು ಉಳಿಸಬಲ್ಲರು; ಯಾವ ಬಂಡೆಗೆ ಯಾವ ಹೆಸರೆಂಬುದನ್ನು ನಡೆದವರೇ ಉಳಿಸಬೇಕು.

ಕುಪ್ಪಳಿಯ ಕವಿಶೈಲದಲ್ಲಿ ಒಂದು ಬಂಡೆಯ ಮೇಲೆ ಕುವೆಂಪು ಅವರ ಹೆಸರಿನೊಡನೆ ಬಿ. ಎಂ. ಶ್ರೀಕಂಠಯ್ಯನವರ ಮತ್ತು ಟಿ. ಎಸ್. ವೆಂಕಣ್ಣಯ್ಯನವರ ಹೆಸರುಗಳು ಕೆತ್ತಲ್ಪಟ್ಟಿವೆ. ವೆಂಕಣ್ಣಯ್ಯನವರು ಚಳ್ಳಕೆರೆ ತಾಲ್ಲೂಕಿನ ತಳುಕಿನವರು; ಶಿರಾ ಪಾವಗಡಗಳ ನೆರೆಯ ಒಣನಾಡಿನಿಂದ ಹೋಗಿ ಮಲೆಯ ಶಿಷ್ಯನೊಡನೆ ಮಲೆಯನ್ನು ಕಂಡವರು. ಕುವೆಂಪು ‘ಶ್ರೀ ರಾಮಾಯಣ ದರ್ಶನಂ’ ಮಹಾಕಾವ್ಯವನ್ನು ಅರ್ಪಿಸಿದ್ದು ಅವರಿಗೇ. ಬಯಲುಸೀಮೆಯವರು ಮಲೆನಾಡಿನ ಬೆಟ್ಟಕ್ಕೆ ಸಲ್ಲಿಸಬೇಕಾದ ಒಡನಾಟದ ಋಣವನ್ನು ಹೀಗೆ ಸಲ್ಲಿಸಿದ್ದಾರೆ. ತಿರುಗಿ ಬರಬೇಕಾದ ಋಣ ಹಾಗೆಯೇ ಉಳಿದಿದೆ. ಮಾಗಿಯ ಒಂದು ಬೆಳಗ್ಗೆ ಗೌಡಗೆರೆಯ ಕಡೆಯ ದನಗಾಹಿಯೊಬ್ಬನ ಹಿಂದೆ, ಅವನ ವೇಗಕ್ಕೆ ಹೆಜ್ಜೆಹಾಕಿ ನಡೆದು, ಅವನು ಹೇಳಿದ ಹೆಸರುಗಳಿಂದಲೇ ಬೆಟ್ಟವನ್ನು ಬರೆಯಬಲ್ಲ ಲೇಖಕನಿಂದ ಅದು ತೀರಬೇಕಾಗಿದೆ.